ಪಂಗಾನಿಯಲ್ಲಿ ಮೈಸೂರು ಪೇಟ

ನೈರೋಬಿ
೧೪ ಜೂನ್ ೨೦೨೫

ಪ್ರೀತಿಯ ಮೈಥಿಲಿ,

ನಿನ್ನ ಮೊಣಕಾಲು ನೋವು ಹೇಗಿದೆ? ಮಗಳು ಬಾಣಂತನದ ಪಥ್ಯ ಮಾಡುತ್ತಿದ್ದಾಳೋ, ನಿನಗೇ ಪಾಠ ಹೇಳುತ್ತಿದ್ದಾಳೋ? ಮೊಮ್ಮಗಳ ಮೂಗು ನನ್ನದೇ ಎಂದು ಬೀಗರ ಕಿವಿಗೆ ಒಂದು ಮಾತು ಹಾಕು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಮನಸ್ಸು ಬಿಚ್ಚೋಣವೆಂದರೆ ನಿನ್ನ ಸುತ್ತ ಸದಾ ಬೀಗರೇ ಇರುತ್ತಾರೆ. ಅದಕ್ಕೇ ಮೈಸೂರಿಗೆ ಹೊರಟಿರುವ ವಿಶ್ವನಾಥನ ಕೈಯಲ್ಲಿ ಈ ಕಾಗದ.

ಹೊಸ ಬಗೆಯಲ್ಲಿ, ಊರಿನ ಜನರ ಜೊತೆ ಸೇರಿ ಪಾಠ ಮಾಡುವವರಿಗೆ ನಮ್ಮ ವಿಶ್ವವಿದ್ಯಾಲಯ ಕೊಡುವ ಕಿರು ಅನುದಾನ ನನಗೆ ಬರಲಿಲ್ಲ. ಸಿಲ್ವಿಯಾಗೆ ಬಂತು. ಹೌದು, ಪಕ್ಕದ ಕೋಣೆಯವಳೇ, ಪೌಷ್ಟಿಕ ಆಹಾರ ಕಲಿಸುವವಳು, ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಕುಸ್ವಾರ್ ತಿಂಡಿಗಳ ತಟ್ಟೆ ಕಳಿಸುವ ಮಂಗಳೂರಿನ ಹುಡುಗಿ. ಹೊಟ್ಟೆ ಉರಿಯುತ್ತಿದೆ, ಮೈಥಿಲಿ. ನಿನ್ನ ಹತ್ತಿರ ಮುಚ್ಚಿಡುವುದೇನು. ಕುಡಿಯುವ ನೀರಿನ ಬಗ್ಗೆ ನಾನು ಕಟ್ಟಿ ಬೆಳೆಸಿದ ಕೋರ್ಸಿಗೆ ಈಗ ಸೇರುವವರೇ ಇಲ್ಲ. ಅನುದಾನ ಬಾರದಿದ್ದರೆ ಮುಂದಿನ ಸೆಮಿಸ್ಟರಿನಿಂದ ಅದನ್ನು ನಿಲ್ಲಿಸುವುದೆಂದು ಡೀನ್ ಹೇಳಿಬಿಟ್ಟಿದ್ದಾರೆ. ಅವಳಿಗೆ ಆ ಭಯವೂ ಇರಲಿಲ್ಲ, ಅವಳ ತರಗತಿ ಯಾವಾಗಲೂ ತುಂಬಿರುತ್ತದೆ.

ಆಯ್ಕೆ ನಡೆದದ್ದು ಪಂಗಾನಿಯ ಒಂದು ಚರ್ಚ್ ಹಾಲಿನಲ್ಲಿ. ತೀರ್ಪು ಆ ಬಡಾವಣೆಯ ಹೆಂಗಸರದೇ. ನಮಗೆ ಸಿಗುವುದು ಅರ್ಧ ಗಂಟೆ. ನಾನು ನಮ್ಮ ಕನ್ನಡ ಸಂಘದ ಸಮಾರಂಭದಂತೆಯೇ ಅಚ್ಚುಕಟ್ಟಾಗಿ ನಡೆಸಿದೆ. ಸ್ವಾಗತ ಭಾಷಣ ಮಾಡಿದೆ. ಅವರ ಮುಖ್ಯಸ್ಥೆ ಜೆನಿಫರ್‌ಗೆ ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿದೆ. ಉಳಿದವರಿಗೆ ಬೇಜಾರಾಗಬಾರದೆಂದು ಒಬ್ಬೊಬ್ಬರನ್ನೇ ಕರೆದು ಹಣ್ಣಿನ ಬುಟ್ಟಿ ಕೊಟ್ಟೆ. ಆಮೇಲೆ ಫೋಟೋ. ವಂದನಾರ್ಪಣೆಗೆ ಬರುವಷ್ಟರಲ್ಲಿ ಹೊತ್ತು ಮುಗಿಯಿತು ಎಂದರು. ನೀರಿನ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಜೆನಿಫರ್ ಪೇಟ ಸರಿಮಾಡಿಕೊಳ್ಳುತ್ತಾ “ಅಸಾಂಟೆ” ಎಂದು ಥ್ಯಾಂಕ್ಸ್ ಹೇಳಿದಳು, ಅಷ್ಟೇ. ನೀನು ಊರಿಗೆ ಹೊರಡುವಾಗ “ರೀ, ಸ್ವಲ್ಪ ಅವ್ರನ್ನೂ ಮಾತಾಡೋಕ್ ಬಿಡ್ರಿ” ಅಂದಿದ್ದೆ. ಈಗ ಅದನ್ನು ಎತ್ತಬೇಡ.

ಸಿಲ್ವಿಯಾ ಮಾಡಿದ್ದೇನು ಗೊತ್ತೆ? ಬೆಂಚಿನ ಮೇಲೆ ಅವರ ನಡುವೆ ಕೂತು, ಬೆಳಿಗ್ಗೆ ಮಕ್ಕಳಿಗೆ ಏನು ಕೊಡುತ್ತೀರಿ ಎಂದು ಕೇಳಿ ಸುಮ್ಮನಾದಳು. ಅವರೋ ಮಾತಾಡಿದ್ದೇ ಮಾತಾಡಿದ್ದು. ಗಂಜಿಯಿಂದ ಶುರುವಾದದ್ದು ಕೊನೆಗೆ ನೀರಿಗೆ ಬಂತು. ನನ್ನ ನೀರಿಗೆ. ಮಾರನೆಯ ದಿನ ಅವಳು “ಸರ್, ಸ್ವೀಟ್ ತಗೊಳ್ಳಿ” ಎಂದು ಡಬ್ಬಿ ಹಿಡಿದು ಬಂದಾಗ ಶುಗರ್ ಇದೆ ಎಂದು ಸುಳ್ಳು ಹೇಳಿದೆ. ಅಷ್ಟು ಉರಿ.

ಮಗಳಿಗೂ ಪುಟ್ಟಿಗೂ ನನ್ನ ಆಶೀರ್ವಾದ. ಬೀಗರಿಗೆ ನಮಸ್ಕಾರ ತಿಳಿಸು, ಪೇಟದ ವಿಷಯ ಮಾತ್ರ ತಿಳಿಸಬೇಡ.

ನಿನ್ನ
ಉಮಾಶಂಕರ

ಮರೆತ ಮಾತು: ವಿಶ್ವನಾಥನ ಟ್ಯಾಕ್ಸಿ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ನಿನ್ನೆ ಸಿಲ್ವಿಯಾ ಬಂದು, “ಸರ್, ನೀರಿನದ್ದು ನನಗೆ ಗೊತ್ತಿಲ್ಲ. ನೀವು ಬನ್ನಿ, ಒಟ್ಟಿಗೆ ಮಾಡುವ” ಎಂದಳು. ಒಪ್ಪಿದರೆ ನನ್ನ ಕೋರ್ಸ್ ಉಳಿಯುತ್ತದೆ, ಅವಳ ಹೆಸರಿನ ಕೆಳಗೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಿಗುಮಾನದಿಂದ ಕಳಿಸಿದ್ದೇನೆ. ಸೋಮವಾರ ಉತ್ತರ ಕೊಡಬೇಕು. ಕಾಗದ ಓದಿದ ಕೂಡಲೇ ಫೋನ್ ಮಾಡು. ನೀನು ಬೇಡ ಎಂದರೆ ನಾನೂ ಬೇಡ ಎನ್ನುತ್ತೇನೆ. ಬೇಡ ಎನ್ನಬೇಡ.