ಪಕ್ಕದ ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲಿ ನಡೆಯುವ ಉಸಿರು

ಮಾನ್ಯ ವಿದ್ಯುತ್ ಕಚೇರಿಯ ಇಂಜಿನಿಯರರೇ,

ನಮ್ಮ ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ತುಂಡಾಗಿ ಹನ್ನೊಂದು ದಿನವಾಯಿತು. ತಾವು “ವೋಲ್ಟೇಜ್ ಸಮರ್ಪಕ” ಎಂದು ಬರೆದು ದೂರು ಮುಗಿಸಿ ಒಂಬತ್ತು ದಿನವಾಯಿತು. ನನ್ನ ಅಕ್ಕನ ಉಸಿರು ಮಾತ್ರ ಇನ್ನೂ ಮುಗಿದಿಲ್ಲ. ಅದಕ್ಕೇ ಈ ಪತ್ರ.

ಅಕ್ಕ ಬದುಕಿರುವುದು ಆಮ್ಲಜನಕದ ಯಂತ್ರದಿಂದ. ಹೋದ ವಿದ್ಯುತ್ತಿಗೆ ಮರಳುವ ದಾರಿ ಬೇಕು, ವಿದ್ಯುತ್ ಮಂಡಲ ಮುಚ್ಚಿರಬೇಕು ಎಂದು ಕನ್ನಡ ಸಾಹಿತ್ಯದಲ್ಲಿ ಡಿಗ್ರಿ ಮುಗಿಸಿದ ನನಗೂ ಗೊತ್ತು. ಮರಳುವ ತಂತಿ, ಅಂದರೆ ಆ ನ್ಯೂಟ್ರಲ್, ಕಡಿದದ್ದರಿಂದ ನಮ್ಮ ಮನೆಯ ವಿದ್ಯುತ್ತು ಈಗ ಪಕ್ಕದ ಮನೆ ಹೊಕ್ಕು ಮರಳುತ್ತಿದೆ. ಅಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದರೆ ನಮ್ಮಲ್ಲಿ ವೋಲ್ಟೇಜ್ ಏರುತ್ತದೆ. ತೆಗೆದರೆ ಇಳಿದು ಯಂತ್ರ ಕೀರಿಡುತ್ತದೆ. ಅಲ್ಲಿ ಆರಿದರೆ ಕಾವು, ಇಲ್ಲಿ ಸಾವು! ಸ್ಟೆಬಿಲೈಸರ್ ಎರಡು ಸುಟ್ಟವು. ತುರ್ತಿನ ಸಿಲಿಂಡರ್ ಮೂರನೇ ದಿನವೇ ಬರಿದಾಯಿತು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ.

ಬಟ್ಟೆ ಇಸ್ತ್ರಿ ಮಾಡಿ ಬದುಕುವ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳುತ್ತಲೇ ಇರುತ್ತಾರೆ: “ಏನಪ್ಪಾ, ಸಾಕಾ? ಇನ್ನೊಂದು ಪೆಟ್ಟಿಗೆ ಹಾಕ್ಲಾ?”

“ಇನ್ನೂರಕ್ಕಿಳಿದಿದೆ, ಹಾಕ್ರಮ್ಮಾ!”

ಬಟ್ಟೆ ಮುಗಿದರೆ ಒದ್ದೆ ಗೋಣಿಯನ್ನು ಉಜ್ಜುತ್ತಾರೆ. ಪೆಟ್ಟಿಗೆ ಕಾದು ತಾನಾಗಿ ಆರಿಬಿಡಬಾರದಲ್ಲ! ಅವರು ದಣಿದರೆ ಅವರ ಗಂಡ. “ನನ್ನ ಉಸಿರು ಒಂದು ಮಡಿಕೆಯೂ ಬೀಳದ ಹಾಗೆ ಇಸ್ತ್ರಿ ಆಗ್ತಿದೆ ಕಣೋ,” ಎನ್ನುತ್ತಾಳೆ ಅಕ್ಕ.

ತಮ್ಮ ಲೈನ್‌ಮನ್ ಬಂದಾಗಲೂ ನಾವು ಇದನ್ನೇ ಮಾಡುತ್ತಿದ್ದೆವು. ಮೀಟರ್ ಸರಿಯಾಗಿ ಇನ್ನೂರ ಮೂವತ್ತು ತೋರಿಸಿತು. “ಇಷ್ಟು ಚೆಂದದ ವೋಲ್ಟೇಜು ನಮ್ಮ ಆಫೀಸಲ್ಲೂ ಇಲ್ಲ ಸಾರ್,” ಎಂದು ಕಂಬ ಹತ್ತದೆಯೇ ಹೊರಟುಬಿಟ್ಟರು. ನಮ್ಮ ಜಾಣತನವೇ ನಮಗೆ ಮುಳುವಾಯಿತು. ತಮ್ಮ ಮೇಜಿನ ಮುಂದೆ ನಿಂತು ಬೇಡಿಕೊಂಡರೆ ತಾವು ಅಂದದ್ದು: “ಇಸ್ತ್ರಿ ಆರಿಸಿ ತೋರಿಸ್ರೀ, ವೋಲ್ಟೇಜ್ ಬಿದ್ರೆ ಒಪ್ತೀವಿ.” ಸ್ವಾಮೀ, ಅಕ್ಕನ ತುಟಿ ಎಷ್ಟು ನೀಲಿಯಾದರೆ ತಮ್ಮ ಕಡತಕ್ಕೆ ಸಾಕು? ತಿಳಿನೀಲಿ ನಡೆಯುತ್ತದೆಯೇ?

ನಾಳಿದ್ದು ಪಕ್ಕದ ಮನೆಯವರ ಮಗಳ ಹೆರಿಗೆ, ದೂರದ ಊರಿನಲ್ಲಿ. ಗಂಡಹೆಂಡಿರಿಬ್ಬರೂ ಹೊರಡಬೇಕು. ಬೀಗದ ಕೈ ಕೊಟ್ಟು ಹೋದರೂ, ಅಕ್ಕನನ್ನು ಬಿಟ್ಟು ಅಲ್ಲಿ ಹಗಲಿರುಳು ಇಸ್ತ್ರಿ ಉಜ್ಜಲು ನಾನೊಬ್ಬನೇ. “ನಾನು ಹೇಗಪ್ಪಾ ಹೋಗ್ಲಿ?” ಎಂದು ನಿನ್ನೆ ಆಕೆ ನಮ್ಮ ಹೊಸ್ತಿಲಲ್ಲಿ ಕೂತು ಅತ್ತರು. ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ. ಹೋಗಿಬನ್ನಿ ಎನ್ನಲು ಎದೆಯಿಲ್ಲ.

ನಾಳೆ ಸಂಜೆಯೊಳಗೆ ಕಂಬಕ್ಕೆ ಏಣಿ ಹಾಕಿಸಿ, ತಂತಿ ಜೋಡಿಸಿ. ಲೈನ್ ಆರಿಸಬೇಕಾದರೆ, ತಮ್ಮ ಫ್ಯಾನು ತಿರುಗಿಸುವ ಜನರೇಟರನ್ನು ಒಂದೇ ಒಂದು ಗಂಟೆ ನಮ್ಮ ಬಾಗಿಲಿಗೆ ಕಳಿಸಿ. ಮೇಲೆ ತಂತಿ ನೆಟ್ಟಗಿದ್ದರೆ ಸುಳ್ಳು ದೂರಿಗಾಗಿ ನನ್ನನ್ನು ಜೈಲಿಗೆ ಹಾಕಿಸಿ. ಆಕೆ ಮಾತ್ರ ಮಗಳ ಬಳಿಗೆ ಹೋಗಲಿ.

ಇಂತಿ,
ತಮ್ಮ ತಂತಿಗೆ ಜೋತುಬಿದ್ದು ಚಿಂತೆಗೆ ಬಿದ್ದ
ಒಬ್ಬ ಅಕ್ಕನ ತಮ್ಮ