ಬೆಸುಗೆ ಬಿಟ್ಟಿರಲಿಲ್ಲ

ಮಾಲೂರು
೯ ಡಿಸೆಂಬರ್ ೧೯೮೪, ಭಾನುವಾರ

ನಮ್ಮ ಮನೆಯವರಿಗೆ,

ನಿಮ್ಮ ಭಾರತಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಮುಳಬಾಗಿಲು ಕಡೆಯಿಂದ ಬರುವ ಲಾರಿಯವರು ಹೇಳುತ್ತಾರೆ. ಆದರೆ ಅಲ್ಲಿನ ವರ್ಕ್‌ಶಾಪಿನಲ್ಲಿ ನೀವು ಟೈರು ಬಿಚ್ಚುವುದು, ಗ್ರೀಸ್ ತುಂಬುವುದು ಬಿಟ್ಟರೆ ವೆಲ್ಡಿಂಗ್ ಕಡ್ಡಿಯನ್ನು ಕೈಯಲ್ಲಿ ಹಿಡಿಯುವುದೇ ಇಲ್ಲವೆಂದೂ ಅವರೇ ಹೇಳಿದರು. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸುತ್ತಿ ಬಳಸಿ ಬರೆಯುವುದು ನನಗೆ ಬಾರದು. ಮೊದಲೇ ಹೇಳಿಬಿಡುತ್ತೇನೆ. ಆವಲಪ್ಪನವರ ಪಿಕಪ್ ಗುಂಡ್ಲಮಿಟ್ಟ ಹತ್ತಿತು! ಬರೀ ಹತ್ತಿದ್ದಲ್ಲ, ಹಾಲಿನ ಕ್ಯಾನುಗಳನ್ನು ಹೊತ್ತು ಇಳಿಯಿತು. ನೀವು ಕೂರಿಸಿದ ಅದೇ ಅಚ್ಚಿನ ಮೇಲೆ, ನೀವು ಜೋಡಿಸಿದ ಅದೇ ಕಮಾನು ಪಟ್ಟಿಗಳ ಮೇಲೆ.

ಹೋದ ವರ್ಷ ಬೈರಮ್ಮನವರು ಆ ಬೆಟ್ಟದಿಂದ ಇಳಿದು ನಮ್ಮ ಶೆಡ್ಡಿಗೆ ಬಂದ ದಿನ ನೆನಪಿದೆಯಲ್ಲ? ಟೇಕಲ್ ಆಚೆಯ ಆ ಬಂಡೆಗಳ ನಡುವೆ ಮೂವತ್ತು ಮನೆ. ಹೆಂಗಸರು ಹಾಲಿನ ಕ್ಯಾನು ತಲೆಯ ಮೇಲೆ ಹೊತ್ತು ಮೂರು ಮೈಲಿ ಇಳಿಯಬೇಕು. ಅವರು ರಸ್ತೆಗೆ ಬರುವ ಹೊತ್ತಿಗೆ ಹಾಲಿನ ಲಾರಿ ಹೋಗಿರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಅವರ ಸೊಸೆ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. "ಹಾಲು ಚೆಲ್ಲಿದ್ರೆ ಮತ್ತೆ ಕರಕೋಬೋದು ಕಣಪ್ಪಾ, ಸೊಂಟ ಎಲ್ಲಿಂದ ತರಾನ?" ಎಂದು ಅವರು ನಿಮ್ಮನ್ನು ಕೇಳಿದ್ದರು. ಬಾಡಿಗೆ ಓಡಿಸುವ ಆವಲಪ್ಪನವರು ಹಾಲು ಇಳಿಸಲೆಂದು ತಮ್ಮ ಪಿಕಪ್ಪನ್ನು ಅಲ್ಲಿಗೆ ಒಯ್ದರೆ ಎರಡೇ ಸಲಕ್ಕೆ ಮುಂದಿನ ಚಕ್ರದ ತೋಳು ಬಾಗಿತು. ಆಗ ನೀವು ಮುದ್ದೆ ಮುರಿಯುತ್ತಾ, ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ತೋಳಿರುವುದು ಡಾಂಬರು ರಸ್ತೆಗೆ ಸುಖ, ಬಂಡೆಗೆ ಬೇಕಾದದ್ದು ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಅಚ್ಚು ಎಂದಿರಿ. ಮಿಲಿಟರಿ ಹರಾಜಿನಲ್ಲಿ ಸಿಕ್ಕ ಜೀಪಿನ ಮುಂದಿನ ಅಚ್ಚನ್ನೂ, ಮುಂದಿನ ಚಕ್ರಗಳೂ ಎಳೆಯುವ ಹಾಗೆ ಮಾಡುವ ಅದರ ಗೇರುಪೆಟ್ಟಿಗೆಯನ್ನೂ ತಂದಿರಿ. ಐದು ತಿಂಗಳು ಆ ಶೆಡ್ಡಿನಲ್ಲೇ ನಿಮ್ಮ ಸಂಸಾರ. ಸ್ಪ್ಯಾನರ್ ಎತ್ತಿಕೊಡುತ್ತಾ ಆ ಗಾಡಿಯ ಹೊಟ್ಟೆಯಲ್ಲಿ ಏನೇನಿದೆ ಎಂದು ನಾನು ಕಲಿತದ್ದೂ ಆಗಲೇ.

ಆಮೇಲೆ ಯುಗಾದಿ ಕಳೆದ ಎಂಟನೇ ದಿನ. ಮಾಸ್ತಿ ರಸ್ತೆಯಲ್ಲಿ ಒಂದು ಗುಂಡಿಗೆ ಚಕ್ರ ಇಳಿದದ್ದೇ ಸಾಕು, ಸ್ಟಿಯರಿಂಗು ದೆವ್ವ ಹಿಡಿದ ಹಾಗೆ ಅದುರಿ ಗಾಡಿ ಮೋರಿಯ ಕಟ್ಟೆಗೆ ಹೊಡೆಯಿತು. ಓಡಿಸುತ್ತಿದ್ದ ಆವಲಪ್ಪನವರ ಎಡಭುಜದ ಮೂಳೆ ಮುರಿಯಿತು. ಪಕ್ಕದಲ್ಲಿದ್ದ ನಿಮಗೆ ಒಂದು ಗೀರೂ ಆಗಲಿಲ್ಲ. ಅದೇ ನಿಮ್ಮನ್ನು ತಿಂದಿತು. ಟೀ ಅಂಗಡಿಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಎಲ್ಲ ಕಡೆ ಒಂದೇ ಮಾತು: "ಚನ್ನರಾಯಪ್ಪನ ಬೆಸುಗೆ ಬಿಡ್ತಂತೆ." ಆಸ್ಪತ್ರೆಯಲ್ಲಿ ಮಲಗಿದ್ದ ಆವಲಪ್ಪನವರೂ ಅದನ್ನೇ ಅಂದರು.

ಆ ಸಂಜೆ ನೀವು ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಿರಿ, "ನೀನೂ ಹಂಗೇ ಅಂತೀಯಾ?" ನಾನು ಮೊರದಿಂದ ಕಣ್ಣೆತ್ತದೆ, "ಹತ್ತು ಜನ ಹೇಳೋದು ಸುಳ್ಳಾಗುತ್ತಾ?" ಎಂದೆ. ಎಂಟು ತಿಂಗಳಿನಿಂದ ಆ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಬೆಳಗ್ಗೆ ನೋಡಿದರೆ ಶೆಡ್ಡಿನ ಬೀಗದಕೈ ದೇವರ ಗೂಡಿನಲ್ಲಿತ್ತು, ನೀವು ಮೊದಲ ರೈಲಿಗೆ ಹೋಗಿದ್ದಿರಿ.

ಎರಡು ತಿಂಗಳಾದ ಮೇಲೆ, ಕೈಗೆ ಕಟ್ಟಿದ ಪಟ್ಟಿ ಬಿಚ್ಚಿಸಿಕೊಂಡು ಆವಲಪ್ಪನವರು ಬಂದರು. ಅಪಘಾತದ ದಿನ ಎಳೆದು ತಂದು ನಮ್ಮ ಶೆಡ್ಡಿನಲ್ಲಿ ಬಿಟ್ಟಿದ್ದ ಗಾಡಿಯನ್ನು ಗುಜರಿಗೆ ಹಾಕುತ್ತೇನೆ, ಬಾಗಿಲು ತೆಗೆಯಮ್ಮ ಎಂದರು. ತೆಗೆದೆ. ನನಗೇನನ್ನಿಸಿತೋ, "ಒಂದು ದಿನ ಬಿಡಿ ಅಣ್ಣ, ನಾನೊಂದು ಸಲ ನೋಡ್ತೀನಿ" ಎಂದೆ. ಅವರಿಗೆ ನಗು ಬಂದಿರಬೇಕು, ಆದರೂ ನಗದೆ ಹೋದರು.

ಮುಂದಿನ ಪಟ್ಟಿ ನೇತುಹಾಕುವ ಬ್ರಾಕೆಟ್ ಕಿತ್ತು ಬಂದಿತ್ತು. ಸೀಮೆಎಣ್ಣೆ ಸುರಿದು ತಂತಿಬ್ರಷ್ಷಿನಲ್ಲಿ ಉಜ್ಜಿದೆ. ಮಣ್ಣು, ಗ್ರೀಸು, ತುಕ್ಕು ಎಲ್ಲ ಹೋಯಿತು. ಅಡಿಯಲ್ಲಿ ನಿಮ್ಮ ಬೆಸುಗೆ, ರೇಷ್ಮೆಹುಳುಗಳನ್ನು ಒತ್ತೊತ್ತಾಗಿ ಸಾಲಾಗಿ ಮಲಗಿಸಿದ ಹಾಗೆ. ಒಂದು ಎಳೆ ಬಿರುಕಿಲ್ಲ. ಹರಿದದ್ದು ಅದರ ಪಕ್ಕದ ಕಬ್ಬಿಣ, ಅದೂ ಮೋರಿಯ ಕಟ್ಟೆಗೆ ಬಡಿದ ಏಟಿಗೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಂತೋಷವೋ ಅಳುವೋ ತಿಳಿಯಲಿಲ್ಲ. ಮಾರನೆಯ ದಿನ ಆವಲಪ್ಪನವರ ಬೆರಳು ಹಿಡಿದು ಆ ಬೆಸುಗೆಯ ಮೇಲೆ ಆಡಿಸಿದೆ. ಅವರು, "ತಪ್ಪಾಯ್ತಮ್ಮಾ. ನೋವಲ್ಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ" ಎಂದರು.

ಬೆಸುಗೆ ಬಿಡದಿದ್ದರೆ ಸ್ಟಿಯರಿಂಗು ಅದುರಿದ್ದೇಕೆ? ಅದು ಇಬ್ಬರಿಗೂ ಗೊತ್ತಾಗಲಿಲ್ಲ. ಚಕ್ರ ಬಿಚ್ಚಿದೆವು, ಬೇರಿಂಗು ನೋಡಿದೆವು, ಸ್ಟಿಯರಿಂಗಿನ ಕಂಬಿಗಳನ್ನೆಲ್ಲ ಬಿಗಿಮಾಡಿದೆವು. ಏನೂ ಸಿಗಲಿಲ್ಲ.

ಉತ್ತರ ಕೊಟ್ಟವನು ಸೈಕಲ್ ಶಾಪಿನ ಮುನಿಶಾಮಿ, ಅದೂ ಅವನಿಗೇ ಗೊತ್ತಿಲ್ಲದೆ. ನಾನು ಸಂತೆಯಿಂದ ಬರುವಾಗ ಅವನು, ಯಾರೋ ಗೋಡೆಗೆ ಗುದ್ದಿಸಿ ತಂದುಕೊಟ್ಟಿದ್ದ ಸೈಕಲ್ಲೊಂದರ ಮುಂದಿನ ಫೋರ್ಕನ್ನು ಎಳೆದು ಸರಿಮಾಡುತ್ತಿದ್ದ. ಏನು ತೊಂದರೆ ಎಂದು ಕೇಳಿದೆ. "ನೆಟ್ಟಗೆ ನಿಂತ್ಬಿಟ್ಟೈತಕ್ಕ. ಇದರ ತಲೆ ಒಂಚೂರು ಹಿಂದಕ್ಕೆ ವಾಲ್ಕೊಂಡಿರಬೇಕು. ಇಲ್ದಿದ್ರೆ ಹ್ಯಾಂಡಲ್ ಅಲ್ಲಾಡ್ತಾನೇ ಇರುತ್ತೆ, ಕೈ ಬಿಟ್ರೆ ಮುಗೀತು ಕತೆ" ಎಂದ. ನಾನು ತರಕಾರಿ ಚೀಲವನ್ನು ಅವನ ಅಂಗಡಿಯಲ್ಲೇ ಬಿಟ್ಟು ಮನೆಗೆ ಓಡಿದೆ.

ತೂಗುಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿದೆ. ಚಕ್ರ ಯಾವ ಕೀಲಿನ ಮೇಲೆ ತಿರುಗುತ್ತದೋ ಅದರ ತಲೆ ಹಿಂದಕ್ಕೆ ವಾಲಿರಲಿಲ್ಲ, ಬೆರಳಿನಷ್ಟು ಮುಂದಕ್ಕೇ ಬಾಗಿತ್ತು. ಗಾಡಿಯ ಮೂತಿ ಎತ್ತರವಾಗಲೆಂದು ಬ್ರಾಕೆಟ್ಟನ್ನು ಉದ್ದಮಾಡಿದಾಗ ಪಟ್ಟಿಗಳ ಓರೆ ಬದಲಾಗಿ, ಅಚ್ಚೂ ಅದರ ಜೊತೆಗೆ ಉರುಳಿತ್ತು. ಬ್ರಾಕೆಟ್ಟಿನ ಅಳತೆ ಕೊಟ್ಟವರು ಆವಲಪ್ಪನವರು, ಒಪ್ಪಿದವರು ನೀವು. ತಪ್ಪು ಅಷ್ಟೇ, ಅದೂ ಅರ್ಧರ್ಧ. ಆದರೆ ಕೈಗೆಲಸದಲ್ಲಿ ತಪ್ಪಿರಲಿಲ್ಲ, ಇದನ್ನು ನೀವು ಎರಡು ಸಲ ಓದಿಕೊಳ್ಳಿ.

ಕಿತ್ತ ಬ್ರಾಕೆಟ್ಟಿನ ಬದಲು ಹೊಸದೊಂದನ್ನು ಪೇಟೆಯ ಇನ್ನೊಬ್ಬ ವೆಲ್ಡಿಂಗಿನವರ ಕೈಲಿ ಕೂರಿಸಿದೆವು. ಗಟ್ಟಿಯಾಗಿದೆ, ಅಂದವಾಗಿಲ್ಲ. ಓರೆಯನ್ನು ಸರಿಮಾಡಲು ಅಚ್ಚಿಗೂ ಪಟ್ಟಿಗೂ ನಡುವೆ ಕಬ್ಬಿಣದ ಬೆಣೆ ಇಡಬೇಕಾಯಿತು. ನಾನೇ ಅರದಲ್ಲಿ ಉಜ್ಜಿದೆ. ಮೊದಲ ಜೊತೆ ತೆಳುವಾಯಿತು, ಅದುರುವುದು ಕಡಿಮೆಯಾದರೂ ಹೋಗಲಿಲ್ಲ. ಎರಡನೆಯದು ದಪ್ಪವಾಗಿ ಸ್ಟಿಯರಿಂಗು ಬೀಸುವ ಕಲ್ಲಿಗಿಂತ ಭಾರವಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಮೂರನೆಯ ಜೊತೆ ಕೂತಿತು.

ಗೌರಿಹಬ್ಬ ಕಳೆದ ಮೇಲೆ ಅದೇ ಮಾಸ್ತಿ ರಸ್ತೆಗೆ ಹೋದೆವು. ಅದೇ ಗುಂಡಿ ಹಾಗೇ ಇತ್ತು, ಯಾರು ಮುಚ್ಚುತ್ತಾರೆ! ನಾನು ಪಕ್ಕದ ಸೀಟಿನಲ್ಲಿ ಎರಡೂ ಕೈಯಲ್ಲಿ ಬಾಗಿಲು ಹಿಡಿದಿದ್ದೆ. ಚಕ್ರ ಗುಂಡಿಗೆ ಇಳಿಯಿತು, ಎದ್ದಿತು. ಆವಲಪ್ಪನವರು ಎರಡೂ ಕೈ ಸ್ಟಿಯರಿಂಗಿನಿಂದ ತೆಗೆದು ಗಾಳಿಯಲ್ಲಿ ಎತ್ತಿಬಿಟ್ಟರು! ಗಾಡಿ ದಾರ ಹಿಡಿದು ಎಳೆದ ಹಾಗೆ ನೇರ ಹೋಯಿತು. ನಾವಿಬ್ಬರೂ ಕೂಗಿದ ಕೂಗಿಗೆ ಹೊಲದಲ್ಲಿದ್ದವರು ಯಾರಿಗೋ ಹಾವು ಕಚ್ಚಿತೆಂದು ಓಡಿಬಂದರು.

ಇನ್ನು ಗುಂಡ್ಲಮಿಟ್ಟ. ನೀವು ನೋಡಬೇಕಿತ್ತು. ಎಡಚಕ್ರ ಬಂಡೆಯ ಮೇಲೆ ಎದ್ದರೆ ಬಲಚಕ್ರ ತಾನಾಗಿ ಹಳ್ಳಕ್ಕೆ ಇಳಿದು ನೆಲ ಕಚ್ಚುತ್ತಿತ್ತು, ಎರಡು ಎತ್ತಿನ ಮೇಲೆ ನೊಗ ಏರಿಳಿದ ಹಾಗೆ. ನೀವು ಹೇಳಿದ್ದು ಅಕ್ಷರ ಅಕ್ಷರ ಹಾಗೇ. ಕೊನೆಯ ಏರಿನಲ್ಲಿ ಒಮ್ಮೆ ಗಾಡಿ ಹಿಂದಕ್ಕೆ ಜಾರಿತು. ಮುಂದಿನ ಚಕ್ರಗಳು ಕಲ್ಲನ್ನು ಕೆರೆದು ಕೆರೆದು ಹಿಡಿದವು, ಗಾಡಿ ಮೇಲೆ ಬಂದು ನಿಂತಿತು. ಬೈರಮ್ಮನವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಅಯ್ಯೋ ದೇವುಡಾ! ಇದು ಬಂಡಿ ಅಲ್ಲ ಕಣೇ, ಮೇಕೆ!" ಎಂದರು. ಅವರ ಸೊಸೆ ಕೋಲೂರಿಕೊಂಡು ಬಂದು ಹಾಲಿನ ಮೊದಲ ಕ್ಯಾನಿಗೆ ಕುಂಕುಮ ಇಟ್ಟಳು.

ಅಂದಿನಿಂದ ಇಂದಿನವರೆಗೆ ಒಂದು ದಿನವೂ ಲಾರಿ ತಪ್ಪಿಲ್ಲ. ಹಾಲಿನ ಸಂಘದವರು ಬಂದು ನೋಡಿ, ಬೆಟ್ಟದ ಮೇಲೆಯೇ ಹಾಲು ಅಳೆಯಲು ಒಪ್ಪಿದ್ದಾರೆ. ಹೋಳೂರಿನ ಹಿಪ್ಪುನೇರಳೆ ತೋಟದವರೊಬ್ಬರು, ಶ್ರೀನಿವಾಸಪುರದ ಕಲ್ಲುಕ್ವಾರಿಯವರೊಬ್ಬರು ತಮ್ಮ ಗಾಡಿಗೂ ಇಂಥದೇ ಅಚ್ಚು ಬೇಕೆಂದು ಬಂದಿದ್ದರು. ಮಾಡಿದವರು ಊರಲ್ಲಿಲ್ಲ ಎಂದೆ. ಕಾಯುತ್ತೇವೆ ಎಂದರು.

ಇನ್ನೊಂದು ವಿಷಯ. ಆವಲಪ್ಪನವರು ಅದೇ ಟೀ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ನಿಂತು, ಕಿತ್ತು ಬಂದ ಆ ಹಳೆಯ ಬ್ರಾಕೆಟ್ಟನ್ನು ಎಲ್ಲರ ಕೈಗೂ ಕೊಟ್ಟರು. "ನೋಡ್ರಪ್ಪಾ, ಎಲ್ಲಿ ಬಿಟ್ಟೈತೆ ಬೆಸುಗೆ, ತೋರಿಸ್ರಿ. ಬಿಟ್ಟಿದ್ದು ನನ್ನ ಬಾಯಿ" ಎಂದರಂತೆ.

ಅವರು ಹತ್ತು ಜನರ ಮುಂದೆ ಹೇಳಿದರು. ನಾನು ನಿಮ್ಮೊಬ್ಬರ ಮುಂದೆ ಹೇಳಬೇಕಾದದ್ದು ಇದೆ. ಊರು ಅಂದಿದ್ದಕ್ಕೆ ನೀವು ಹೋಗಲಿಲ್ಲ, ನಾನು ಅಂದಿದ್ದಕ್ಕೆ ಹೋದಿರಿ. ಕಬ್ಬಿಣ ಉಜ್ಜಿ ನೋಡಿದ ಮೇಲೆ ನಿಮ್ಮನ್ನು ನಂಬಿದೆ, ಉಜ್ಜುವ ಮೊದಲೇ ನಂಬಬೇಕಿತ್ತು. ಇದಕ್ಕೆ ನನ್ನ ಬಳಿ ಬೆಣೆ ಇಲ್ಲ. ಕ್ಷಮಿಸಿ.

ಬೀಗದಕೈ ಈಗ ದೇವರ ಗೂಡಿನಲ್ಲಿಲ್ಲ. ಶೆಡ್ಡು ದಿನವೂ ತೆರೆದೇ ಇರುತ್ತದೆ.

ನಿಮ್ಮ
ಭಾರತಿ

ಮರೆತ ಮಾತು (ಸೋಮವಾರ, ಮುಳಬಾಗಿಲು): ಕವರಿನ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿದಿರಾ? ಇದಿಷ್ಟನ್ನು ನಿಮ್ಮ ವರ್ಕ್‌ಶಾಪಿನ ಎದುರು, ರಸ್ತೆಯಾಚೆ ನಿಲ್ಲಿಸಿದ ಪಿಕಪ್ಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಆವಲಪ್ಪನವರ ಭುಜ ಇನ್ನೂ ಗೇರು ಹಾಕಲು ನೋಯುತ್ತದೆ. ಹಾಗಾಗಿ ಅವರಿಂದಲೇ ಕಲಿತೆ. ಲೈಸೆನ್ಸು ಬಂದು ಹನ್ನೊಂದು ದಿನವಾಯಿತು, ಹನ್ನೊಂದು ದಿನದಿಂದ ಬೆಟ್ಟದ ಹಾಲು ಇಳಿಸುತ್ತಿರುವವಳು ನಾನೇ. ಇವತ್ತೂ ಲಾರಿಗೆ ಹಾಲು ಕೊಟ್ಟು, ಕೋಲಾರದ ಮೇಲೆ ಇಲ್ಲಿಯವರೆಗೂ ನಾನೇ ಓಡಿಸಿಕೊಂಡು ಬಂದೆ. ಆವಲಪ್ಪನವರು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಿದ್ದರು. ಪತ್ರ ತಂದುಕೊಟ್ಟು ನಿಮ್ಮೆದುರು ತಲೆತಗ್ಗಿಸಿ ನಿಂತಿರುವವರು ಅವರೇ, ಮೊದಲು ಅವರನ್ನು ಮಾತಾಡಿಸಿ. ಆಮೇಲೆ ಹೊರಗೆ ಬನ್ನಿ. ಸ್ಟಿಯರಿಂಗು ಬಿಟ್ಟುಕೊಡುತ್ತೇನೆಂದು ಮಾತ್ರ ತಿಳಿಯಬೇಡಿ. ಪಕ್ಕದ ಸೀಟು ನಿಮಗೆ. ಅವರು ಹಿಂದೆ ಖಾಲಿ ಕ್ಯಾನುಗಳ ಜೊತೆ ಕೂರಲು ಒಪ್ಪಿದ್ದಾರೆ.