ತಪ್ಪಿದ ಉತ್ತರ

ಮನೆ, ಅಡುಗೆಮನೆಯ ಮೇಜು
ಮೇ ೧೬, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ, ಇಲ್ಲಾ ಮಕ್ಕಳ ವಾರ್ಡಿನಲ್ಲಿ ಎರಡೆರಡು ಪಾಳಿ ಮಾಡಿಕೊಂಡು, ಕೇಳಿದವರಿಗೆಲ್ಲ ‘ಏನಿಲ್ಲ, ಚೆನ್ನಾಗಿದ್ದೀನಿ’ ಎನ್ನುತ್ತಾ ಓಡಾಡುತ್ತಿದ್ದೀಯಾ? ಅಮ್ಮ ಚೆನ್ನಾಗಿದ್ದಾಳೆ. ಹೊಸ ಕನ್ನಡಕ ಬಂತು. ಹಾಕಿಕೊಂಡು ಮೊದಲು ನೋಡಿದ್ದು ನನ್ನ ತಲೆಯ ಬಿಳಿಕೂದಲನ್ನು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಈ ವಾರ ನಾನು ಬಾಯಿ ತೆರೆದರೆ ಜಗಳವೇ ಬರುತ್ತಿದೆ. ಕಾಗದದಲ್ಲಾದರೆ ನೀನು ನಡುವೆ ‘ಸ್ವಲ್ಪ ಉಸಿರು ಬಿಡೇ’ ಎನ್ನುವಂತಿಲ್ಲ.

ಹೋದ ಸಲ ಬಂದಾಗ ನಮ್ಮ ಆಫೀಸಿನವರು ಮಾಡುತ್ತಿರುವ ಆಸ್ಪತ್ರೆಯ ಚಿತ್ರ ತೋರಿಸಿದ್ದೆನಲ್ಲ, ಮಕ್ಕಳ ವಾರ್ಡಿನ ಉದ್ದಕ್ಕೂ ದೊಡ್ಡ ದೊಡ್ಡ ಕಿಟಕಿ ಇರುವುದು? ಗೋಳೆಲ್ಲ ಅದರದೇ. ಅಲ್ಲಿನ ರಸ್ತೆ ದಿಕ್ಕಿಗೆ ನೇರವಾಗಿಲ್ಲ, ಮೂವತ್ನಾಲ್ಕು ಡಿಗ್ರಿ ಓರೆ. ಅದರ ಪಕ್ಕಕ್ಕೆ ಬರುವ ನಮ್ಮ ಕಟ್ಟಡವೂ ಅಷ್ಟೇ ಓರೆ. ಓರೆ ಗೋಡೆಗಳನ್ನು ಕಂಪ್ಯೂಟರಿನಲ್ಲಿ ಎಳೆಯುತ್ತಾ ಕೂತರೆ ಕುತ್ತಿಗೆ ಉಳುಕುತ್ತದೆ, ಅದಕ್ಕೇ ನಮ್ಮ ಸಾಫ್ಟ್‌ವೇರಿನಲ್ಲಿ ಎರಡು ಉತ್ತರ ಇಟ್ಟಿದ್ದಾರೆ. ಒಂದು ಹಾಳೆಯ ಉತ್ತರ, ಅಂದರೆ ತೆರೆಯ ಮೇಲ್ಭಾಗ. ಕಟ್ಟಡವನ್ನು ಅದಕ್ಕೆ ನೆಟ್ಟಗೆ ಕೂರಿಸಿಕೊಂಡು ಆರಾಮಾಗಿ ಕೆಲಸ ಮಾಡಬಹುದು. ಇನ್ನೊಂದು ನಿಜವಾದ ಉತ್ತರ. ಅದು ಎಷ್ಟು ಡಿಗ್ರಿ, ಯಾವ ಕಡೆಗೆ ತಿರುಗಿದೆ ಎಂದು ಪುಟ್ಟದೊಂದು ಚೌಕದಲ್ಲಿ ಬರೆಯಬೇಕು. ಬಿಸಿಲು ಎಲ್ಲಿ ಬೀಳುತ್ತದೆಂದು ಸಾಫ್ಟ್‌ವೇರ್ ಲೆಕ್ಕ ಹಾಕುವುದು ಆ ಚೌಕವನ್ನು ನಂಬಿಕೊಂಡೇ. ನಮ್ಮ ಫೈಲಿನಲ್ಲಿ ಯಾರೋ ಡಿಗ್ರಿ ಸರಿಯಾಗಿ ಹಾಕಿ, ಕಡೆ ತಪ್ಪಿಸಿದ್ದಾರೆ. ಮೂವತ್ನಾಲ್ಕರ ಹಿಂದೆ ಮೈನಸ್ ಗೆರೆ ಇರಬೇಕಿತ್ತು, ಇಲ್ಲ. ಅಷ್ಟಕ್ಕೇ ಅರವತ್ತೆಂಟು ಡಿಗ್ರಿ ಹೆಚ್ಚುಕಡಿಮೆ. ಕಟ್ಟಡ ರಸ್ತೆಯ ಪಕ್ಕ ಸರಿಯಾಗಿಯೇ ನಿಲ್ಲುತ್ತದೆ. ತಪ್ಪಿರುವುದು ಸೂರ್ಯ.

ಗೊತ್ತಾಗಿದ್ದು ಮಂಗಳವಾರ. ಅಳತೆಯೊಂದನ್ನು ನೋಡಿಕೊಂಡು ಬರಲು ಸಂಜೆ ನಾಲ್ಕಕ್ಕೆ ಸೈಟಿಗೆ ಹೋಗಿದ್ದೆ. ವಾರ್ಡಿನ ಕಿಟಕಿ ಬರುವ ಕಡೆ ಮುಖ ಮಾಡಿ ನಿಂತರೆ ಕಣ್ಣು ಬಿಡಲಾಗಲಿಲ್ಲ. ಅಲ್ಲಿನ ವಾಚ್‌ಮನ್ ತನ್ನ ಕುರ್ಚಿಯನ್ನು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋಗುತ್ತಾ, “ಅಲ್ಯಾಕ್ ನಿಂತಿದ್ದೀರಮ್ಮಾ, ಮೂರು ಗಂಟೆ ಮೇಲೆ ಅಲ್ಲಿ ನಾಯಿನೂ ಮಲಗಲ್ಲ” ಎಂದ. ನಮ್ಮ ಮಾಡೆಲಿನಲ್ಲಿ ಆ ಗೋಡೆ ಈಶಾನ್ಯಕ್ಕಿದೆ, ಹಾಸಿಗೆಗಳ ಮೇಲೆ ಬೆಳಗಿನ ಎಳೆಬಿಸಿಲು ಬೀಳುತ್ತದೆ, ಆಸ್ಪತ್ರೆಯವರು ಆ ಚಿತ್ರ ನೋಡಿಯೇ ತಲೆದೂಗಿದ್ದು. ನೆಲದ ಮೇಲೆ ಅದು ವಾಯವ್ಯಕ್ಕಿದೆ. ಎಳೆಬಿಸಿಲು ಹೋಗುವುದು ಹಿಂಬದಿಯ ಉಗ್ರಾಣಕ್ಕೆ, ಬಕೆಟ್ಟು ಪೊರಕೆಗಳಿಗೆ. ನಾಲ್ಕು ಗಂಟೆಯಾದರೆ ಪಶ್ಚಿಮದ ಕಿಟಕಿಗೆ ಒದ್ದೆ ಹೊದಿಕೆ ಕಟ್ಟಿ, ಮಂಚಗಳನ್ನೆಲ್ಲ ಗೋಡೆ ಕಡೆಗೆ ತಳ್ಳುತ್ತೇವೆ ಎಂದು ನೀನು ಹೇಳಿದ್ದೆಯಲ್ಲ, ಅಲ್ಲೇ ಬಿಸಿಲಲ್ಲಿ ನಿಂತು ಅದನ್ನೇ ನೆನೆದೆ. ನಿನ್ನ ಬೆನ್ನು ಹಾಳಾಗಿದ್ದು ಆ ಮಂಚಗಳಿಂದಲೇ.

ಬುಧವಾರ ಸರಿಮಾಡಲು ಕೂತೆ. ಮೈನಸ್ ಹಾಕಿದೆನೋ ಇಲ್ಲವೋ, ಅರ್ಧ ಹಾಳೆಗಳು ಓರೆಯಾಗಿ ನಿಂತವು, ಅಕ್ಷರಗಳೆಲ್ಲ ಏಣಿಯಿಂದ ಜಾರಿದವರ ಹಾಗೆ ವಾಲಿಕೊಂಡವು. ಒಂದೊಂದೇ ಹಾಳೆಗೆ ಹೋಗಿ, ‘ನೀನು ಹಾಳೆಯ ಉತ್ತರಕ್ಕೇ ಇರು ಮಾರಾಯ’ ಎಂದು ಹೇಳಿ ಬರಬೇಕು. ವಾಲಿದವೇ ನಲವತ್ತೊಂದು ಹಾಳೆ. ಮೂವತ್ತನೆಯದಕ್ಕೆ ಕಂಪ್ಯೂಟರ್ ಕೈಕೊಟ್ಟಿತು, ಮತ್ತೆ ಮೊದಲಿನಿಂದ. ಮೌಸ್ ಕುಕ್ಕಿದ ಸದ್ದಿಗೆ ಪಕ್ಕದ ಮೇಜಿನವಳು ಎದ್ದು ನೀರು ತಂದುಕೊಟ್ಟಳು.

ಇಷ್ಟು ಮಾಡಿ ನಮ್ಮ ಯಜಮಾನರ ಮುಂದೆ ಇಟ್ಟರೆ, “ಪರದೆ ಹಾಕ್ಕೊಳ್ತಾರೆ ಬಿಡಮ್ಮ” ಎಂದರು. ಸೋಮವಾರ ಅಡಿಪಾಯ ತೋಡುತ್ತಾರೆ ಸಾರ್, ಈಗಾದರೆ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ವಾರ್ಡನ್ನು ಉಗ್ರಾಣದ ಕಡೆಗೆ ತರಬಹುದು, ಆಮೇಲೆ ಆಗುವುದಿಲ್ಲ ಎಂದೆ. “ಎಲ್ಲರೂ ಒಪ್ಪಿದ ಮೇಲೆ ಮಗುಚೋದು ಅಂದ್ರೆ ಏನಂತ ಹೇಳ್ಲಿ ನಾನು? ತಪ್ಪು ಯಾರದು?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಅವರೇ ಉತ್ತರ ಕೊಟ್ಟುಕೊಂಡರು: “ಆ ಮುದುಕಪ್ಪ ಸರ್ವೆಯರ್‌ದೇ. ಇನ್ಮೇಲೆ ಅವರನ್ನ ಕರೀಬೇಡಿ.” ನಿನಗೆ ಅವರು ಗೊತ್ತು, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿಕ್ಸೂಚಿ ಹಿಡಿಯುವುದನ್ನು ಕಲಿಸಿದವರು. ಇಪ್ಪತ್ತೆರಡು ವರ್ಷದಿಂದ ನಮ್ಮ ಆಫೀಸಿಗೆ ನೆಲ ಅಳೆದುಕೊಟ್ಟಿದ್ದಾರೆ. ಗುರುವಾರ ಬಂದು ತಮ್ಮ ಟೇಪು, ಮುಕ್ಕಾಲಿ ಎತ್ತಿಕೊಂಡು ಹೋದರು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ, ಅಮ್ಮ ಹುಳಿ ಹೆಚ್ಚಾಯಿತೇನೋ ಎಂದುಕೊಂಡಿದ್ದಾಳೆ.

ಎಲ್ಲರ ಮೇಲೂ ಸಿಟ್ಟು. ಸಾಫ್ಟ್‌ವೇರಿನ ಮೇಲೆ, ಯಜಮಾನರ ಮೇಲೆ, ಬಿಸಿಲಿನ ಮೇಲೂ. ನೀನಿದ್ದಿದ್ದರೆ ಚೆನ್ನಾಗಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಂಚ ತಳ್ಳಲು ಇನ್ನೊಬ್ಬರನ್ನು ಕರೆದುಕೋ. ಅಮ್ಮ ನಿನ್ನನ್ನು ಎರಡು ಸಲ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅದಕ್ಕಿಂತ ಹೆಚ್ಚೇ ಕೇಳಿದ್ದಾಳೆ.

ನಿನ್ನ
ಸಿಡುಕಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಡಿಸಿದ್ದೇನೆ. ಮೇಲೆ ‘ಯಾರೋ’ ಎಂದು ಬರೆದೆನಲ್ಲ, ಅದು ನಾನೇ. ಸರ್ವೆ ನಕ್ಷೆಯಲ್ಲಿ ಉತ್ತರ ತೋರಿಸುವ ಬಾಣ ಸರಿಯಾಗಿಯೇ ಇತ್ತು, ಮೈನಸ್ ಬಿಟ್ಟದ್ದು ನನ್ನ ಕೈ. ಬುಧವಾರವೇ ಗೊತ್ತಿತ್ತು, ಸುಮ್ಮನಿದ್ದೆ. ನಿನಗೂ ಸುಳ್ಳು ಬರೆದು ಅಂಚೆಗೆ ಹಾಕಲು ಆಗಲಿಲ್ಲ. ಈಗಷ್ಟೇ ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ತೋಡುವುದನ್ನು ಎರಡು ವಾರ ನಿಲ್ಲಿಸುತ್ತೇನೆ, ನಕ್ಷೆ ನೀನೇ ಮಗುಚು, ಆಸ್ಪತ್ರೆಯವರ ಮುಂದೆ ತಪ್ಪು ನಿನ್ನದೆಂದು ನೀನೇ ಹೇಳು ಎಂದರು. ಅದಾದ ಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ಅಮ್ಮನಿಗೆ ಇನ್ನೂ ಹೇಳಿಲ್ಲ. ಸರ್ವೆಯರ್ ಅವರಿಗೂ ಫೋನ್ ಮಾಡಿದೆ. ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ. “ಈಗ ವಾರ್ಡು ಯಾವ ಕಡೆ ಬರುತ್ತಮ್ಮಾ?” ಎಂದು ಮಾತ್ರ ಕೇಳಿದರು. ಆಗ್ನೇಯಕ್ಕೆ ಎಂದೆ. “ಸೋಮವಾರ ಬರ್ತೀನಿ, ಇನ್ನೊಂದ್ಸಲ ಅಳೆಯೋಣ” ಎಂದರು.